ಮುಖವಾಡ ಒಂದೇ, ಮುಖಗಳು ಹಲವು

ಇಂದ್ರ ಎಂಬುದು ಒಂದು ಪದವಿಯ ಹೆಸರೆಂದು ನಮ್ಮ ಪುರಾಣಗಳು ಹೇಳುತ್ತವೆ. ಮನ್ವಂತರ ಬದಲಾದಂತೆ ಆ ಪದವಿಯಲ್ಲಿ ಕುಳಿತವನೂ ಬದಲಾಗುತ್ತಾನೆ. ಈಗಿನ ವೈವಸ್ವತ ಮನ್ವಂತರದ ಇಂದ್ರ ಪುರಂದರ. ಮುಂದಿನ ಮನ್ವಂತರದಲ್ಲಿ ಆ ಸ್ಥಾನ ಬಲಿ ಚಕ್ರವರ್ತಿಗೆ ಸಲ್ಲುತ್ತದೆ. ಚರಿತ್ರೆಯಲ್ಲಿಯೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ‘ವಿಕ್ರಮಾದಿತ್ಯ’ ಎಂದೊಡನೆ ‘ಯಾವ ವಿಕ್ರಮಾದಿತ್ಯ?’ ಎಂದು ಕೇಳಲೇಬೇಕು. ಗುಪ್ತರ ಎರಡನೆಯ ಚಂದ್ರಗುಪ್ತನಿಗೆ ಅದು ಬಿರುದು. ನಮ್ಮ ಚಾಲುಕ್ಯರಲ್ಲಿ ಆ ಹೆಸರಿನ ಎಣಿಕೆ 1076ರಲ್ಲಿ ಪಟ್ಟಕ್ಕೆ ಬಂದ ಆರನೆಯವನವರೆಗೆ ಸಾಗಿದೆ. ಮಕ್ಕಳು ಸಂಖ್ಯೆಯನ್ನು ಬಿಟ್ಟು ಉತ್ತರ ಬರೆದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ.

ಇದೇ ಪ್ರಶ್ನೆ ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಫ್ಲ್ಯಾಶ್ ಎಂದರೆ ಯಾವ ಫ್ಲ್ಯಾಶ್? ಕ್ಯಾಪ್ಟನ್ ಮಾರ್ವೆಲ್ ಎಂದರೆ ಗಂಡೋ ಹೆಣ್ಣೋ, ಯಾವ ಕಂಪನಿಯ ಪಾತ್ರವೋ? ಒಂದೇ ಹೆಸರನ್ನು, ಬಹುಮಟ್ಟಿಗೆ ಒಂದೇ ಉಡುಪನ್ನು, ಮೂವರು ನಾಲ್ವರು ವೀರರು ಧರಿಸಿರುವುದನ್ನು ಕಂಡು ಹೊಸ ಓದುಗರು ಗಲಿಬಿಲಿಗೊಳ್ಳುತ್ತಾರೆ. ಈ ಹಂಚಿಕೆ ಏಕೆ ನಡೆಯಿತು? ಅದು ಕಥೆಗಾರರ ಯೋಜನೆಯೇ, ವ್ಯಾಪಾರಿಗಳ ಲೆಕ್ಕಾಚಾರವೇ, ನ್ಯಾಯಾಲಯದ ತೀರ್ಪೇ? ಸ್ವಲ್ಪ ಸ್ವಲ್ಪ ಎಲ್ಲವೂ ಹೌದು. ಮಕ್ಕಳ ಪುಸ್ತಕಗಳ ವಿಷಯವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಒಂದು ಹೆಸರು ಯಾರ ಸ್ವತ್ತು, ಅದನ್ನು ಹೊರಲು ಯಾರು ಯೋಗ್ಯರು ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಮೊದಲಿಗೆ, ನಮ್ಮ ದೇಶದ ಓದುಗರಿಗೆ ಚಿರಪರಿಚಿತನಾದ ಫ್ಯಾಂಟಮ್‌ನನ್ನು ನೋಡೋಣ. ಲೀ ಫಾಕ್ ಎಂಬ ಅಮೆರಿಕನ್ ಲೇಖಕ 1936ರ ಫೆಬ್ರವರಿಯಲ್ಲಿ ದಿನಪತ್ರಿಕೆಗಳ ಚಿತ್ರಪಟ್ಟಿಯಾಗಿ ಈ ಕಥೆಯನ್ನು ಆರಂಭಿಸಿದರು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಹೊರತಂದ ಇಂದ್ರಜಾಲ ಕಾಮಿಕ್ಸ್ ಮೂಲಕ ಅವನು ನಮ್ಮಲ್ಲಿಗೆ ಬಂದ. ಮೂಲದ ‘ಬೆಂಗಾಲ’ ನಮ್ಮ ಮುದ್ರಣಗಳಲ್ಲಿ ‘ಡೆಂಕಾಲಿ’ ಆಯಿತು. ಅವನ ಹಿನ್ನೆಲೆ ಹೀಗಿದೆ: 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಒಬ್ಬನೇ ಬದುಕುಳಿದು ದಡ ಸೇರಿದ ಯುವಕನೊಬ್ಬ, ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು, ತಾನೂ ತನ್ನ ಸಂತತಿಯೂ ಅನ್ಯಾಯದ ವಿರುದ್ಧ ಹೋರಾಡುವುದಾಗಿ ಶಪಥ ಮಾಡುತ್ತಾನೆ. ಅಲ್ಲಿಂದ ತಂದೆಯ ಬಳಿಕ ಮಗ, ಮಗನ ಬಳಿಕ ಮೊಮ್ಮಗ ಅದೇ ಮುಖವಾಡ ಧರಿಸುತ್ತಾರೆ. ನಾವು ಓದುವುದು 21ನೆಯವನ ಕಥೆಗಳನ್ನು. ಕಾಡಿನ ಜನರಿಗೆ ಈ ಗುಟ್ಟು ತಿಳಿಯದು. ನಾನೂರು ವರ್ಷಗಳಿಂದ ಒಬ್ಬನೇ ಸಾವಿಲ್ಲದೆ ಓಡಾಡುತ್ತಿದ್ದಾನೆಂದು ಅವರು ನಂಬಿದ್ದಾರೆ. ಆದುದರಿಂದಲೇ ಅವನು ‘ನಡೆದಾಡುವ ಭೂತ’.

ಇಲ್ಲಿ ಹೆಸರಿನ ಹಂಚಿಕೆ ಕಥೆಯ ಬುನಾದಿಯಲ್ಲಿಯೇ ಇದೆ. ಒಬ್ಬ ಮನುಷ್ಯ ಸಾಯುತ್ತಾನೆ, ಆದರೆ ಕರ್ತವ್ಯ ಸಾಯುವಂತಿಲ್ಲ. ಹೆಸರನ್ನು ಮುಂದಿನವನಿಗೆ ದಾಟಿಸುವುದೇ ಅಮರತ್ವಕ್ಕಿರುವ ಉಪಾಯ. ಲೀ ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಈ ಕಥೆಯನ್ನು ತಾವೇ ಬರೆಯುತ್ತಿದ್ದುದರಿಂದ ಆ ವಿಚಾರ ಕೊನೆಯವರೆಗೂ ಸಡಿಲವಾಗಲಿಲ್ಲ. ಆದರೆ ಫ್ಯಾಂಟಮ್ ಒಂದು ಅಪವಾದ. ಉಳಿದ ಪ್ರಸಿದ್ಧ ವೀರರಲ್ಲಿ ಹೆಸರಿನ ಹಂಚಿಕೆ ಯಾರೂ ಯೋಚಿಸಿ ಮಾಡಿದ್ದಲ್ಲ. ಮೊದಲು ವ್ಯಾಪಾರದ ಅಗತ್ಯ ಬಂತು. ಕಥೆಯ ಸಮರ್ಥನೆ ಆಮೇಲೆ ಬಂತು.

ಫ್ಲ್ಯಾಶ್‌ನ ಚರಿತ್ರೆ ಇದಕ್ಕೆ ಅತ್ಯುತ್ತಮ ನಿದರ್ಶನ. 1938ರಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡು ಭಾರಿ ಯಶಸ್ಸು ಗಳಿಸಿದಾಗ ಪ್ರಕಾಶಕರೆಲ್ಲರೂ ಅದ್ಭುತ ವೀರರ ಹುಡುಕಾಟಕ್ಕೆ ತೊಡಗಿದರು. ಮುಂದೆ ಡಿ.ಸಿ. ಕಾಮಿಕ್ಸ್‌ನಲ್ಲಿ ಸೇರಿಹೋದ ಆಲ್ ಅಮೆರಿಕನ್ ಪಬ್ಲಿಕೇಷನ್ಸ್ ಸಂಸ್ಥೆ 1940ರ ಜನವರಿಯ ದಿನಾಂಕವಿದ್ದ ಸಂಚಿಕೆಯಲ್ಲಿ ಜೇ ಗ್ಯಾರಿಕ್ ಎಂಬ ಯುವಕನನ್ನು ಪರಿಚಯಿಸಿತು. ಕಥೆ ಗಾರ್ಡ್ನರ್ ಫಾಕ್ಸ್ ಅವರದು, ಚಿತ್ರಗಳು ಹ್ಯಾರಿ ಲ್ಯಾಂಪರ್ಟ್ ಅವರವು. ಪ್ರಯೋಗಶಾಲೆಯಲ್ಲಿ ಒಂದು ಬಗೆಯ ಆವಿಯನ್ನು ಉಸಿರಾಡಿದ ಜೇ ಗ್ಯಾರಿಕ್‌ಗೆ ಮಿಂಚಿನ ವೇಗ ಬರುತ್ತದೆ. ರೋಮನ್ನರ ಮರ್ಕ್ಯುರಿ ದೇವತೆಯನ್ನು ನೆನಪಿಸುವ ರೆಕ್ಕೆಯುಳ್ಳ ಶಿರಸ್ತ್ರಾಣ ಅವನ ತಲೆಯ ಮೇಲೆ. ಇವನೇ ಮೊದಲ ಫ್ಲ್ಯಾಶ್.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನರ ಅಭಿರುಚಿ ಬದಲಾಯಿತು. ಪ್ರಣಯ, ಅಪರಾಧ, ಭಯಾನಕ ಕಥೆಗಳು, ಕೌಬಾಯ್ ಸಾಹಸಗಳು ಮಾರಾಟವಾಗತೊಡಗಿದವು. ‘ಫ್ಲ್ಯಾಶ್ ಕಾಮಿಕ್ಸ್’ 1949ರಲ್ಲಿ 104ನೆಯ ಸಂಚಿಕೆಗೆ ನಿಂತುಹೋಯಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೊದಲಾದ ಕೆಲವರನ್ನು ಬಿಟ್ಟರೆ ಉಳಿದ ವೀರರೆಲ್ಲರೂ ಮೂಲೆ ಸೇರಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆಂದು ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು; ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನೀತಿಸಂಹಿತೆಯನ್ನು ಹಾಕಿಕೊಂಡರು. ಭಯಾನಕ ಕಥೆಗಳ ಬಾಗಿಲು ಮುಚ್ಚಿತು. ಇನ್ನು ಮಕ್ಕಳಿಗೆ ಏನನ್ನು ಮಾರುವುದು?

ಆಗ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅವರ ಮುಂದೆ ಹಳೆಯ ಹೆಸರುಗಳ ಕಪಾಟು ತೆರೆದುಕೊಂಡಿತು. ಕಾಮಿಕ್ಸ್ ಓದುವ ಮಕ್ಕಳು ಕೆಲವೇ ವರ್ಷಗಳಲ್ಲಿ ಬೆಳೆದು ಆ ಓದನ್ನು ಬಿಡುತ್ತಾರೆ, ಆಮೇಲೆ ಬರುವವರಿಗೆ ಹಿಂದಿನದು ಗೊತ್ತಿರುವುದಿಲ್ಲ ಎಂಬ ನಂಬಿಕೆ ಆ ಕಾಲದ ಸಂಪಾದಕರಲ್ಲಿತ್ತು. ಆದುದರಿಂದ ಹಳೆಯ ಹೆಸರನ್ನು ಇಟ್ಟುಕೊಂಡು ಉಳಿದುದೆಲ್ಲವನ್ನೂ ಬದಲಾಯಿಸಿದರೆ ನಷ್ಟವೇನೂ ಇರಲಿಲ್ಲ. 1956ರಲ್ಲಿ ‘ಷೋಕೇಸ್’ ಪತ್ರಿಕೆಯ 4ನೆಯ ಸಂಚಿಕೆಯಲ್ಲಿ ಹೊಸ ಫ್ಲ್ಯಾಶ್ ಬಂದ. ರಾಬರ್ಟ್ ಕ್ಯಾನಿಗರ್ ಬರೆದ, ಕಾರ್ಮೈನ್ ಇನ್ಫ್ಯಾಂಟಿನೊ ಚಿತ್ರಿಸಿದ ಆ ಕಥೆಯ ನಾಯಕ ಬ್ಯಾರಿ ಅಲೆನ್, ಪೊಲೀಸ್ ಇಲಾಖೆಯ ವಿಜ್ಞಾನಿ. ಪ್ರಯೋಗಶಾಲೆಗೆ ಸಿಡಿಲು ಬಡಿದು, ರಾಸಾಯನಿಕಗಳು ಮೈಮೇಲೆ ಚೆಲ್ಲಿ ಅವನಿಗೆ ವೇಗ ಬರುತ್ತದೆ. ಅದಕ್ಕೆ ಮುಂಚೆ ಅವನು ಒಂದು ಹಳೆಯ ಕಾಮಿಕ್ಸ್ ಪುಸ್ತಕ ಓದುತ್ತಿರುತ್ತಾನೆ. ಅದರ ಮುಖಪುಟದಲ್ಲಿ ಜೇ ಗ್ಯಾರಿಕ್! ತನಗೆ ಶಕ್ತಿ ಬಂದಾಗ ಬ್ಯಾರಿ ಅಲ್ಲಿಂದಲೇ ಹೆಸರನ್ನು ಎರವಲು ಪಡೆಯುತ್ತಾನೆ. ಮೊದಲನೆಯವನು ಎರಡನೆಯವನಿಗೆ ಕೇವಲ ಕಥಾಪಾತ್ರ.

1959ರಲ್ಲಿ ಫ್ಲ್ಯಾಶ್‌ಗೆ ಸ್ವಂತ ಪತ್ರಿಕೆ ಮರಳಿ ಸಿಕ್ಕಿತು. ಆ ಪತ್ರಿಕೆಯ ಮೊದಲ ಸಂಚಿಕೆಯ ಮೇಲೆ ಅಚ್ಚಾದ ಸಂಖ್ಯೆ 105! ಹತ್ತು ವರ್ಷಗಳ ಹಿಂದೆ ನಿಂತುಹೋಗಿದ್ದ ಎಣಿಕೆಯನ್ನೇ ಮುಂದುವರಿಸಿದ್ದರು. ಅಂಗಡಿಯಲ್ಲಿ ಹೊಸ ಪತ್ರಿಕೆಗಿಂತ ಹಳೆಯ ಪತ್ರಿಕೆಗೆ ಬೆಲೆ ಹೆಚ್ಚೆಂಬ ಲೆಕ್ಕ ಅದು. ಮನುಷ್ಯ ಬದಲಾದರೂ ಸಂಖ್ಯೆ ಬದಲಾಗಲಿಲ್ಲ. ಸಂಖ್ಯೆಯನ್ನು ಬಿಟ್ಟರೆ ಅಂಕ ಕಳೆಯುತ್ತಿದ್ದ ನನ್ನಂಥವನಿಗೆ ಇದು ಬಹಳ ಸ್ವಾರಸ್ಯವಾಗಿ ಕಂಡಿತು.

ಆದರೆ ಸಂಪಾದಕರ ನಂಬಿಕೆ ಪೂರ್ತಿ ನಿಜವಾಗಿರಲಿಲ್ಲ. ಹಳೆಯದನ್ನು ಮರೆಯದ ಓದುಗರೂ ಇದ್ದರು. 1961ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಇಬ್ಬರು ಫ್ಲ್ಯಾಶ್‌ಗಳನ್ನೂ ಮುಖಾಮುಖಿ ಮಾಡಿಸಿದರು. ಕಥೆಯನ್ನು ಬರೆದವರು ಮೊದಲ ಫ್ಲ್ಯಾಶ್‌ನ ಸೃಷ್ಟಿಕರ್ತ ಗಾರ್ಡ್ನರ್ ಫಾಕ್ಸ್ ಅವರೇ. ಬ್ಯಾರಿ ಅಲೆನ್ ಆಕಸ್ಮಿಕವಾಗಿ ಇನ್ನೊಂದು ಲೋಕಕ್ಕೆ ದಾಟುತ್ತಾನೆ. ಅಲ್ಲಿ ಜೇ ಗ್ಯಾರಿಕ್ ನಿಜವಾದ ಮನುಷ್ಯ. ವಯಸ್ಸಾಗಿದೆ, ಕೆನ್ನೆಯ ಪಕ್ಕದ ಕೂದಲು ನರೆತಿದೆ, ಹೋರಾಟದಿಂದ ನಿವೃತ್ತನಾಗಿ ಹೆಂಡತಿಯೊಡನೆ ಸಂಸಾರ ಮಾಡಿಕೊಂಡಿದ್ದಾನೆ. ಹಾಗಾದರೆ ಅವನ ಕಥೆ ಬ್ಯಾರಿಯ ಲೋಕದ ಪುಸ್ತಕದಲ್ಲಿ ಹೇಗೆ ಬಂತು? ಗಾರ್ಡ್ನರ್ ಫಾಕ್ಸ್ ಎಂಬ ಲೇಖಕನ ಮನಸ್ಸು ನಿದ್ರೆಯಲ್ಲಿ ಆ ಲೋಕದೊಡನೆ ಸಂಪರ್ಕ ಪಡೆದಿರಬೇಕೆಂದು ಪಾತ್ರವೇ ವಿವರಣೆ ಕೊಡುತ್ತದೆ. ಹಿರಿಯನು ಕಿರಿಯನೊಡನೆ ಮತ್ತೆ ಓಡುತ್ತಾನೆ.

ಕಾಮಿಕ್ಸ್ ಚರಿತ್ರೆಯಲ್ಲಿ ಇದು ದೊಡ್ಡ ತಿರುವು. ಅಂದಿನವರೆಗೆ ಒಂದು ಹೆಸರನ್ನು ಇನ್ನೊಬ್ಬನಿಗೆ ಕೊಡುವುದೆಂದರೆ ಮೊದಲಿನವನನ್ನು ಅಳಿಸಿಹಾಕುವುದು ಎಂದರ್ಥವಾಗಿತ್ತು. ಅಂದಿನಿಂದ ಇಬ್ಬರೂ ಇರಬಹುದಾಯಿತು. ಎರವಲು ಪಡೆದ ಹೆಸರು ಪರಂಪರೆಯಾಗಿ ಬದಲಾಯಿತು.

ಇದೇ ಸೂತ್ರವನ್ನು ಶ್ವಾರ್ಟ್ಸ್ ಗ್ರೀನ್ ಲ್ಯಾಂಟರ್ನ್‌ಗೂ ಅನ್ವಯಿಸಿದರು. 1940ರ ಅಲನ್ ಸ್ಕಾಟ್‌ನ ಉಂಗುರಕ್ಕೆ ಮಾಂತ್ರಿಕ ಮೂಲವಿತ್ತು. 1959ರ ಹಾಲ್ ಜೋರ್ಡನ್‌ಗೆ ಉಂಗುರ ಕೊಟ್ಟದ್ದು ಅಂತರಿಕ್ಷದ ಒಂದು ರಕ್ಷಕ ದಳ. ವಿಶ್ವವನ್ನು 3600 ವಲಯಗಳಾಗಿ ವಿಂಗಡಿಸಿ, ಕಾವಲುಗಾರರನ್ನು ನೇಮಿಸುವ ದಳ ಅದು. ಅಂದರೆ ಗ್ರೀನ್ ಲ್ಯಾಂಟರ್ನ್ ಎಂಬುದು ನಮ್ಮ ತಹಶೀಲ್ದಾರ್ ಎಂಬಂತೆ ಒಂದು ಹುದ್ದೆ. ಹುದ್ದೆಯಾದ ಮೇಲೆ ಬದಲಿ ಅಭ್ಯರ್ಥಿಯೂ ಬೇಕಲ್ಲವೆ? 1968ರಲ್ಲಿ ಗೈ ಗಾರ್ಡ್ನರ್, 1971ರಲ್ಲಿ ಜಾನ್ ಸ್ಟೀವರ್ಟ್, 1994ರಲ್ಲಿ ಕೈಲ್ ರೇನರ್ ಬಂದರು. ಜಾನ್ ಸ್ಟೀವರ್ಟ್ ಕಪ್ಪುವರ್ಣೀಯ ವಾಸ್ತುಶಿಲ್ಪಿ. ಹುದ್ದೆಯೆಂಬ ಕಲ್ಪನೆ ಇದ್ದುದರಿಂದಲೇ ಆ ಕಾಲದಲ್ಲಿ ಅವನ ಪ್ರವೇಶ ಕಥೆಯೊಳಗೆ ಸಹಜವಾಗಿ ಹೊಂದಿಕೊಂಡಿತು.

ಇನ್ನು ಕಾನೂನಿನ ಕಾರಣಕ್ಕೆ ಬರೋಣ. ಇದಕ್ಕೆ ಕ್ಯಾಪ್ಟನ್ ಮಾರ್ವೆಲ್‌ನ ಕಥೆಯಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ. 1940ರಲ್ಲಿ ಫಾಸೆಟ್ ಎಂಬ ಪ್ರಕಾಶನ ಸಂಸ್ಥೆಗಾಗಿ ಬಿಲ್ ಪಾರ್ಕರ್ ಮತ್ತು ಸಿ. ಸಿ. ಬೆಕ್ ಈ ಪಾತ್ರವನ್ನು ಸೃಷ್ಟಿಸಿದರು. ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಬಾಲಕ ‘ಶಜಾಮ್’ ಎಂದು ಉಚ್ಚರಿಸಿದೊಡನೆ ಸಿಡಿಲೆರಗಿ ಮಹಾಬಲಶಾಲಿಯಾಗುತ್ತಾನೆ. ಸಾಲೊಮನ್, ಹರ್ಕ್ಯುಲಿಸ್, ಅಟ್ಲಾಸ್, ಜ್ಯೂಸ್, ಅಕಿಲೀಸ್, ಮರ್ಕ್ಯುರಿ ಈ ಆರು ಹೆಸರುಗಳ ಮೊದಲಕ್ಷರಗಳಿಂದ ಆದ ಮಂತ್ರ ಅದು. ಮಕ್ಕಳಿಗೆ ಇವನು ಎಷ್ಟು ಪ್ರಿಯನಾದನೆಂದರೆ 1940ರ ದಶಕದಲ್ಲಿ ಇವನ ಮಾರಾಟ ಸೂಪರ್‌ಮ್ಯಾನ್‌ನನ್ನೂ ಮೀರಿಸಿತು.

ಸೂಪರ್‌ಮ್ಯಾನ್‌ನ ಒಡೆಯರು ಸುಮ್ಮನಿರಲಿಲ್ಲ. ಇವನು ನಮ್ಮವನ ನಕಲು ಎಂದು 1941ರಲ್ಲಿ ದಾವೆ ಹೂಡಿದರು. ಹತ್ತು ವರ್ಷ ಎಳೆದಾಡಿದ ಆ ವ್ಯಾಜ್ಯದಲ್ಲಿ 1951ರಲ್ಲಿ ಪ್ರಸಿದ್ಧ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಕೊಟ್ಟ ಮೇಲ್ಮನವಿ ತೀರ್ಪು ಫಾಸೆಟ್‌ಗೆ ಪ್ರತಿಕೂಲವಾಯಿತು. ಅಷ್ಟರಲ್ಲಿ ಮಾರಾಟವೂ ಕುಸಿದಿತ್ತು. 1953ರಲ್ಲಿ ಫಾಸೆಟ್ ರಾಜಿ ಮಾಡಿಕೊಂಡು ಕ್ಯಾಪ್ಟನ್ ಮಾರ್ವೆಲ್‌ನನ್ನು ನಿಲ್ಲಿಸಿಬಿಟ್ಟಿತು. ಇಂಗ್ಲೆಂಡಿನಲ್ಲಿ ಆ ಕಥೆಗಳನ್ನು ಮರುಮುದ್ರಿಸುತ್ತಿದ್ದ ಪ್ರಕಾಶಕರಿಗೆ ಸರಕು ನಿಂತುಹೋಯಿತು. ಅವರು 1954ರಲ್ಲಿ ಮಿಕ್ ಆಂಗ್ಲೋ ಎಂಬವರಿಂದ ‘ಮಾರ್ವೆಲ್‌ಮ್ಯಾನ್’ ಎಂಬ ಬದಲಿಯನ್ನು ಬರೆಸಿಕೊಂಡರು. ಅವನ ಮಂತ್ರ ‘ಕಿಮೋಟಾ’. ಇಂಗ್ಲಿಷಿನ ‘ಅಟಾಮಿಕ್’ ಎಂಬ ಪದವನ್ನು ಹಿಂದುಮುಂದಾಗಿ ಓದಿದ ಉಚ್ಚಾರ. ಪರಮಾಣು ಯುಗದ ಮಕ್ಕಳಿಗೆ ಗ್ರೀಕ್ ದೇವತೆಗಳ ಅಗತ್ಯವಿರಲಿಲ್ಲವೆಂದು ತೋರುತ್ತದೆ.

ಈಗ ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಹೆಸರು ಒಡೆಯನಿಲ್ಲದೆ ಬಿದ್ದಿತ್ತು. ಇಲ್ಲಿ ಎರಡು ಹಕ್ಕುಗಳ ವ್ಯತ್ಯಾಸವನ್ನು ಗಮನಿಸಬೇಕು. ಬರೆದ ಕಥೆಗೂ ಬಿಡಿಸಿದ ಚಿತ್ರಕ್ಕೂ ಇರುವುದು ಕೃತಿಸ್ವಾಮ್ಯ. ಪತ್ರಿಕೆಯ ಮೇಲೆ ಅಚ್ಚು ಹಾಕಿ ಮಾರುವ ಹೆಸರಿಗೆ ಇರುವುದು ಟ್ರೇಡ್‌ಮಾರ್ಕ್. ಕೃತಿಸ್ವಾಮ್ಯವನ್ನು ಕಪಾಟಿನಲ್ಲಿಟ್ಟು ಮರೆತರೂ ಅದು ಅವಧಿಯವರೆಗೆ ಉಳಿಯುತ್ತದೆ. ಟ್ರೇಡ್‌ಮಾರ್ಕನ್ನು ಬಳಸುತ್ತಲೇ ಇರಬೇಕು. ಅಮೆರಿಕದ ಇಂದಿನ ನಿಯಮದಂತೆ ಸತತ 3 ವರ್ಷ ಬಳಸದಿದ್ದರೆ ಅದನ್ನು ಕೈಬಿಟ್ಟಂತೆ ಎಂದು ಭಾವಿಸಲು ಅವಕಾಶವಿದೆ. ಉಳುವವನಿಗೇ ಭೂಮಿ ಎಂಬ ಮಾತಿನ ಹಾಗೆ ಇದು.

1966ರಲ್ಲಿ ಒಂದು ಸಣ್ಣ ಸಂಸ್ಥೆ ಆ ಹೆಸರಿನಲ್ಲಿ ಬೇರೊಬ್ಬ ವೀರನನ್ನು ಹೊರತಂದಿತು. ಮಾರ್ವೆಲ್ ಕಾಮಿಕ್ಸ್ ಎಚ್ಚೆತ್ತಿತು. ತನ್ನದೇ ಹೆಸರು ಪರರ ಮುಖಪುಟದಲ್ಲಿ ಮೆರೆಯುವುದನ್ನು ಯಾವ ಕಂಪನಿ ತಾನೇ ಸಹಿಸೀತು? 1967ರಲ್ಲಿ ಸ್ಟ್ಯಾನ್ ಲೀ ಮತ್ತು ಜೀನ್ ಕೋಲನ್ ಕೈಯಿಂದ ಮಾರ್-ವೆಲ್ ಎಂಬ ಅನ್ಯಗ್ರಹದ ಸೇನಾನಿ ಹುಟ್ಟಿದ. ಹೆಸರನ್ನು ಕಾಯಲೆಂದು ನೇಮಕಗೊಂಡವನು ಅವನು ಎಂದರೆ ತಪ್ಪಾಗದು. 1972ರಲ್ಲಿ ಡಿ.ಸಿ. ಸಂಸ್ಥೆ, ತಾನೇ ವ್ಯಾಜ್ಯ ಹೂಡಿ ನಿಲ್ಲಿಸಿದ್ದ ಹಳೆಯ ಬಿಲ್ಲಿ ಬ್ಯಾಟ್ಸನ್‌ನ ಕಥೆಗಳ ಪರವಾನಗಿಯನ್ನು ಪಡೆಯಿತು. ಆದರೆ ಪತ್ರಿಕೆಯ ಮೇಲೆ ಅವನ ಹೆಸರನ್ನು ಹಾಕುವಂತಿರಲಿಲ್ಲ! ಪತ್ರಿಕೆಗೆ ಅವನ ಮಂತ್ರವಾದ ‘ಶಜಾಮ್’ ಎಂಬುದನ್ನೇ ಹೆಸರಾಗಿ ಇಡಬೇಕಾಯಿತು. ಕಾಲಕ್ರಮದಲ್ಲಿ ಆ ವೀರನ ಹೆಸರೇ ಶಜಾಮ್ ಎಂದಾಗಿಹೋಯಿತು. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಮತ್ತು ‘ಶಜಾಮ್’ ಎಂಬ ಎರಡು ಚಲನಚಿತ್ರಗಳು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಒಂದರ ಹಿಂದೊಂದು ತೆರೆಕಂಡವು. ಎರಡನ್ನೂ ನೋಡಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹಳೆಯ ದಾಯಾದಿ ಜಗಳ ತಿಳಿದಿತ್ತೋ!

ಮಾರ್-ವೆಲ್‌ನ ಮುಂದಿನ ಕಥೆ ಹೃದಯಸ್ಪರ್ಶಿಯಾದುದು. 1982ರಲ್ಲಿ ಜಿಮ್ ಸ್ಟಾರ್ಲಿನ್ ಬರೆದು ಚಿತ್ರಿಸಿದ ಕೃತಿಯಲ್ಲಿ ಅವನು ಯುದ್ಧದಲ್ಲಿ ಸಾಯದೆ ಕ್ಯಾನ್ಸರ್‌ನಿಂದ ಹಾಸಿಗೆಯ ಮೇಲೆ ಸಾಯುತ್ತಾನೆ. ಅಷ್ಟೂ ವೀರರು ಸುತ್ತ ನಿಂತಿದ್ದರೂ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಕಾನೂನಿನ ಅಗತ್ಯಕ್ಕಾಗಿ ಹುಟ್ಟಿದ ಪಾತ್ರಕ್ಕೆ ಇಷ್ಟು ಘನತೆಯ ಸಾವು ದೊರೆತುದು ಸೋಜಿಗವೇ ಸರಿ. ಅದೇ ವರ್ಷ ಹೆಸರು ನ್ಯೂ ಆರ್ಲಿಯನ್ಸ್‌ನ ಬಂದರು ಕಾವಲಿನ ಅಧಿಕಾರಿಣಿ ಮೋನಿಕಾ ರ‍್ಯಾಂಬೋಗೆ ಹೋಯಿತು. ಆಕೆ ಕಪ್ಪುವರ್ಣೀಯ ಮಹಿಳೆ. ಬಳಿಕ ಆ ಹೆಸರು ಮಾರ್-ವೆಲ್‌ನ ಮಕ್ಕಳಿಗೆ ಸಂದು, 2012ರಲ್ಲಿ ಕ್ಯಾರಲ್ ಡ್ಯಾನ್ವರ್ಸ್ ಎಂಬ ವಾಯುಪಡೆಯ ಅಧಿಕಾರಿಣಿಯ ಪಾಲಾಯಿತು. ಆಕೆ ಬಿಟ್ಟುಕೊಟ್ಟ ‘ಮಿಸ್ ಮಾರ್ವೆಲ್’ ಎಂಬ ಹೆಸರನ್ನು ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್ ಎತ್ತಿಕೊಂಡಳು. ಅವಳ ಸ್ವಂತ ಪತ್ರಿಕೆ ಆರಂಭವಾದದ್ದು 2014ರಲ್ಲಿ.

ಮೂರನೆಯ ಕಾರಣ ಕಾಲದ ಲೆಕ್ಕ. ಕ್ಯಾಪ್ಟನ್ ಅಮೆರಿಕನನ್ನು ಜೋ ಸೈಮನ್ ಮತ್ತು ಜ್ಯಾಕ್ ಕಿರ್ಬಿ 1941ರಲ್ಲಿ ಸೃಷ್ಟಿಸಿದರು. ಯುದ್ಧಾನಂತರ ಪತ್ರಿಕೆ ನಿಂತಿತು. 1953-54ರಲ್ಲಿ ಕಮ್ಯುನಿಸ್ಟರನ್ನು ಸದೆಬಡಿಯುವವನಾಗಿ ಅವನು ಅಲ್ಪಕಾಲ ಮರಳಿ ಬಂದ. 1964ರಲ್ಲಿ ಸ್ಟ್ಯಾನ್ ಲೀ ಮತ್ತು ಕಿರ್ಬಿ ಅವನನ್ನು ಮತ್ತೊಮ್ಮೆ ಕರೆತಂದಾಗ, 1945ರಿಂದಲೂ ಅವನು ಹಿಮದಲ್ಲಿ ಹೆಪ್ಪುಗಟ್ಟಿ ಮಲಗಿದ್ದನೆಂದು ಬರೆದರು. ಹಾಗಾದರೆ 1953ರಲ್ಲಿ ಆ ಉಡುಪು ತೊಟ್ಟು ಓಡಾಡಿದವನು ಯಾರು?

ಈ ತಪ್ಪಿದ ಲೆಕ್ಕವನ್ನು ಸರಿಪಡಿಸಿದವರು 1972ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಎಂಬ ಯುವ ಕಥೆಗಾರ. ಐವತ್ತರ ದಶಕದವನು ಬೇರೊಬ್ಬ ಮನುಷ್ಯ ಎಂದು ಅವರು ಬರೆದರು. ಕ್ಯಾಪ್ಟನ್ ಅಮೆರಿಕನನ್ನು ಆರಾಧಿಸುತ್ತ, ಅವನನ್ನೇ ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ಚರಿತ್ರೆಯ ವಿದ್ಯಾರ್ಥಿ ಅವನು. ತನ್ನ ಮುಖವನ್ನೂ ಹೆಸರನ್ನೂ ಬದಲಾಯಿಸಿಕೊಂಡು ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ವೃತ್ತಿಬಾಂಧವನೆಂದು ನಾನು ಸಂತೋಷಪಡುವಷ್ಟರಲ್ಲಿ ಕಥೆ ತಿರುಗಿತು. ಸರಿಯಾದ ಚಿಕಿತ್ಸೆಯಿಲ್ಲದೆ ಶಕ್ತಿಯ ಔಷಧವನ್ನು ಸೇವಿಸಿದ್ದರಿಂದ ಅವನ ಬುದ್ಧಿ ಕೆಡುತ್ತದೆ. ಎಲ್ಲೆಲ್ಲೂ ಶತ್ರುಗಳೇ ಕಾಣಿಸುತ್ತಾರೆ. ಕಪ್ಪುಜನರ ಮೇಲೆ ದ್ವೇಷ ಕಾರುತ್ತಾನೆ. ಕೊನೆಗೆ ಅಸಲಿ ಕ್ಯಾಪ್ಟನ್ ತನ್ನದೇ ಮುಖದವನೊಡನೆ ಹೋರಾಡಬೇಕಾಗುತ್ತದೆ. ದಿನಾಂಕದ ತಪ್ಪನ್ನು ತಿದ್ದಲು ಹೊರಟ ಕಥೆ, ಅಮೆರಿಕ ತನ್ನ ಐವತ್ತರ ದಶಕದ ಭಯವನ್ನು ತಾನೇ ನೋಡಿಕೊಳ್ಳುವ ಕನ್ನಡಿಯಾಯಿತು. ಭಕ್ತಿ ಇದ್ದ ಮಾತ್ರಕ್ಕೆ ಹೆಸರಿಗೆ ಅರ್ಹತೆ ಬರುವುದಿಲ್ಲವೆಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಕಾಮಿಕ್ಸನ್ನು ನಾನು ಓದಿಲ್ಲ.

ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆಯೂ ಇದೇ ಪಾತ್ರದಲ್ಲಿ ನೇರವಾಗಿ ಬಂದಿದೆ. 1987ರ ಕಥೆಯೊಂದರಲ್ಲಿ ಸರ್ಕಾರಿ ಆಯೋಗ ಸ್ಟೀವ್ ರಾಜರ್ಸ್‌ನನ್ನು ಕರೆಸಿ, ಈ ಹೆಸರು, ಉಡುಪು, ಗುರಾಣಿ ಎಲ್ಲವೂ ಸರ್ಕಾರದ್ದು, ನಾವು ಹೇಳಿದಂತೆ ಕೇಳು ಎನ್ನುತ್ತದೆ. ಅವನು ಎಲ್ಲವನ್ನೂ ಮೇಜಿನ ಮೇಲಿಟ್ಟು ಹೊರಟುಹೋಗುತ್ತಾನೆ. ಜಾನ್ ವಾಕರ್ ಎಂಬವನನ್ನು ಅವನ ಜಾಗಕ್ಕೆ ನೇಮಿಸುತ್ತಾರೆ. ಕಥೆಯ ಹೊರಗೂ ಇಂಥದ್ದೇ ನಡೆದಿತ್ತು. ಸೃಷ್ಟಿಕರ್ತರಲ್ಲಿ ಒಬ್ಬರಾದ ಜೋ ಸೈಮನ್ ಈ ಪಾತ್ರದ ಹಕ್ಕಿಗಾಗಿ 1960ರ ದಶಕದಲ್ಲಿ ಒಮ್ಮೆ, ಶತಮಾನದ ಕೊನೆಯಲ್ಲಿ ಮತ್ತೊಮ್ಮೆ ಹೋರಾಡಿ, ಎರಡು ಬಾರಿಯೂ ರಾಜಿಯಲ್ಲಿ ಮುಗಿಸಿದರು. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಸೀಗಲ್ ಮತ್ತು ಷುಸ್ಟರ್ 1938ರಲ್ಲಿ ಕೇವಲ 130 ಡಾಲರುಗಳಿಗೆ ಅವನನ್ನು ಬರೆದುಕೊಟ್ಟಿದ್ದರು. ಪಾತ್ರ ಲೇಖಕನದಾಗಿದ್ದರೆ ಲೇಖಕನೊಡನೆ ಅದು ಮುಗಿಯಬಹುದು. ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ ತನ್ನ ನಂತರ ಬೇರೆ ಯಾರೂ ಟಿನ್‌ಟಿನ್ ಕಥೆ ಬರೆಯಬಾರದೆಂದು ಬಯಸಿದ್ದರು. 1983ರಲ್ಲಿ ಅವರು ತೀರಿಕೊಂಡ ಮೇಲೆ ಹೊಸ ಟಿನ್‌ಟಿನ್ ಸಂಪುಟ ರಚನೆಯಾಗಲಿಲ್ಲ. ಕಂಪನಿಗೆ ಸಾವಿಲ್ಲ, ಆದುದರಿಂದ ಕಂಪನಿಯ ಪಾತ್ರಕ್ಕೂ ನಿವೃತ್ತಿಯಿಲ್ಲ. ಲೇಖಕರು ಬದಲಾಗುತ್ತಾರೆ, ಓದುಗರು ಬದಲಾಗುತ್ತಾರೆ, ಅವರೊಡನೆ ಮುಖವಾಡದ ಒಳಗಿನ ಮುಖವೂ ಬದಲಾಗುತ್ತದೆ.

ಈ ಪದ್ಧತಿಗೆ ಕ್ರೂರವಾದ ಮಗ್ಗುಲೂ ಒಂದಿದೆ. ಬ್ಯಾಟ್‌ಮ್ಯಾನ್‌ನ ಸಂಗಾತಿ ರಾಬಿನ್ 1940ರಲ್ಲಿ ಬಂದ ಬಾಲಕ. ಬಾಲಕರು ಬೆಳೆಯಲೇಬೇಕು, ಮೊದಲ ರಾಬಿನ್ ಡಿಕ್ ಗ್ರೇಸನ್ ಯುವಕನಾಗಿ 1984ರಲ್ಲಿ ನೈಟ್‌ವಿಂಗ್ ಎಂಬ ಸ್ವಂತ ಹೆಸರನ್ನು ಪಡೆದ. ಅವನ ಸ್ಥಾನಕ್ಕೆ ಬಂದ ಜೇಸನ್ ಟಾಡ್ ಕೆಲವು ಓದುಗರಿಗೆ ಹಿಡಿಸಲಿಲ್ಲ. 1988ರಲ್ಲಿ ಪ್ರಕಾಶಕರು ಎರಡು ಟೆಲಿಫೋನ್ ಸಂಖ್ಯೆಗಳನ್ನು ಅಚ್ಚು ಮಾಡಿ, ಹುಡುಗ ಬದುಕಬೇಕೆ ಸಾಯಬೇಕೆ ಎಂದು ಮತ ಕೇಳಿದರು. ಸಾಯಲಿ ಎಂದ ಕರೆಗಳು 5343, ಬದುಕಲಿ ಎಂದವು 5271. ಕೇವಲ 72 ಮತಗಳ ಅಂತರದಲ್ಲಿ ಆ ಹುಡುಗನ ಸಾವು ಅಚ್ಚಾಯಿತು. ಮರುವರ್ಷ ಟಿಮ್ ಡ್ರೇಕ್ ಬಂದ. 2006ರಲ್ಲಿ ಬ್ಯಾಟ್‌ಮ್ಯಾನ್‌ನ ಸ್ವಂತ ಮಗ ಡೇಮಿಯನ್ ಕಥೆಗೆ ಬಂದು ಆಮೇಲೆ ರಾಬಿನ್ ಆದ. ಹೆಸರೊಂದು ಖಾಲಿ ಕುರ್ಚಿಯಾದಾಗ, ಅದರಲ್ಲಿ ಕುಳಿತ ಮಗುವನ್ನು ಎಬ್ಬಿಸುವುದು ಎಷ್ಟು ಸುಲಭವಾಗಿಬಿಡುತ್ತದೆ!

ಇದಕ್ಕೆ ಪ್ರತಿಯಾಗಿ ವಾಲಿ ವೆಸ್ಟ್‌ನ ಕಥೆಯನ್ನು ನೋಡಬಹುದು. ಬ್ಯಾರಿ ಅಲೆನ್‌ನ ಶಿಷ್ಯನಾಗಿ ‘ಕಿಡ್ ಫ್ಲ್ಯಾಶ್’ ಎನಿಸಿಕೊಂಡಿದ್ದ ಹುಡುಗ ಇವನು. 1985ರ ಮಹಾಕಥನವೊಂದರಲ್ಲಿ ಬ್ಯಾರಿ ಲೋಕರಕ್ಷಣೆಗಾಗಿ ಪ್ರಾಣ ಕೊಟ್ಟಾಗ ವಾಲಿ ಗುರುವಿನ ಉಡುಪನ್ನು ಧರಿಸಿದ. 1993ರ ಕಥೆಯೊಂದರಲ್ಲಿ ಬ್ಯಾರಿ ಮರಳಿ ಬಂದಂತೆ ತೋರುತ್ತದೆ. ನಿಜದಲ್ಲಿ ಅವನು ವೇಷ ಮರೆಸಿದ ಶತ್ರು. ಅವನನ್ನು ಎದುರಿಸುವಾಗ ವಾಲಿಗೆ ತನ್ನ ಬಗ್ಗೆಯೇ ಒಂದು ಸತ್ಯ ತಿಳಿಯುತ್ತದೆ. ಗುರುವನ್ನು ಮೀರಿದರೆ ಗುರುವಿನ ಸ್ಥಾನವನ್ನು ಕಸಿದುಕೊಂಡಂತಾದೀತೆಂಬ ಅಂಜಿಕೆಯಿಂದ ತಾನು ಇಷ್ಟು ವರ್ಷ ಪೂರ್ಣ ವೇಗದಲ್ಲಿ ಓಡಿರಲೇ ಇಲ್ಲ! ಅಂದಿನಿಂದ ಅವನು ತನ್ನ ಓಟವನ್ನು ಓಡುತ್ತಾನೆ. ಶಿಷ್ಯಾದಿಚ್ಛೇತ್ ಪರಾಜಯಮ್ ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ? ದುರದೃಷ್ಟವೆಂದರೆ ಕಂಪನಿಗೆ ಅಷ್ಟು ತಾಳ್ಮೆಯಿರಲಿಲ್ಲ. 2008ರಲ್ಲಿ ಬ್ಯಾರಿಯನ್ನು ನಿಜವಾಗಿಯೇ ಬದುಕಿಸಿದರು. 2011ರಲ್ಲಿ ಇಡೀ ಕಥಾಲೋಕವನ್ನು ಹೊಸದಾಗಿ ಆರಂಭಿಸಿದಾಗ ವಾಲಿ ಮಾಯವೇ ಆದ. ಎರಡು ದಶಕಗಳಿಗೂ ಹೆಚ್ಚು ಕಾಲ ಅವನನ್ನೇ ಫ್ಲ್ಯಾಶ್ ಎಂದು ತಿಳಿದು ಬೆಳೆದ ಓದುಗರು ನೊಂದುಕೊಂಡರು. 2016ರ ಕಥೆಯಲ್ಲಿ ಅವನು ಮರಳಿದ. ಯಾರಿಗೂ ತನ್ನ ನೆನಪಿಲ್ಲದೆ ಕರಗಿಹೋಗುತ್ತಿದ್ದವನನ್ನು ಗುರುವಿನ ನೆನಪೇ ಎಳೆದು ಉಳಿಸಿತು.

ಇತ್ತೀಚಿನ ದಶಕಗಳಲ್ಲಿ ಹೆಸರಿನ ಹಂಚಿಕೆಗೆ ನಾಲ್ಕನೆಯ ಕಾರಣವೊಂದು ಸೇರಿದೆ. ಇಷ್ಟು ವರ್ಷ ಹೊರಗಿದ್ದವರಿಗೆ ಬಾಗಿಲು ತೆರೆಯುವುದು ಆ ಕಾರಣ. 2003ರಲ್ಲಿ ರಾಬರ್ಟ್ ಮೊರಾಲೆಸ್ ಮತ್ತು ಕೈಲ್ ಬೇಕರ್ ರಚಿಸಿದ ಕಥೆಯಲ್ಲಿ ಐಸಾಯಾ ಬ್ರ್ಯಾಡ್ಲಿ ಎಂಬ ಕಪ್ಪು ಸೈನಿಕ ಬರುತ್ತಾನೆ. ಯುದ್ಧಕಾಲದಲ್ಲಿ ಶಕ್ತಿಯ ಔಷಧವನ್ನು ಕಪ್ಪು ಸೈನಿಕರ ಮೇಲೆ ಪ್ರಯೋಗಿಸಿದ್ದರೆಂದೂ, ಬದುಕುಳಿದ ಐಸಾಯಾ ಆ ಉಡುಪನ್ನು ಧರಿಸಿ ಹೋರಾಡಿದ್ದಕ್ಕೆ ಸೆರೆಮನೆ ಸೇರಿದನೆಂದೂ ಕಥೆ ಹೇಳುತ್ತದೆ. ಇದು ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಪುರುಷರನ್ನು ಒಳಗೊಂಡ ಅಧ್ಯಯನ ನಡೆಯಿತು. ಸಿಫಿಲಿಸ್ ಇದ್ದವರಿಗೆ ಮದ್ದು ಲಭ್ಯವಾದ ಮೇಲೂ ಕೊಡದೆ ರೋಗದ ಗತಿಯನ್ನು ಸುಮ್ಮನೆ ನೋಡುತ್ತಿದ್ದರು. 1969ರಲ್ಲಿ ಸಹಾಯಕನಾಗಿ ಬಂದಿದ್ದ ಸ್ಯಾಮ್ ವಿಲ್ಸನ್ 2014ರಲ್ಲಿ ಕ್ಯಾಪ್ಟನ್ ಅಮೆರಿಕನ ಗುರಾಣಿಯನ್ನು ಕೈಗೆ ತೆಗೆದುಕೊಂಡಾಗ, ಅದರ ಹಿಂದೆ ಈ ಎಲ್ಲ ನೆನಪುಗಳೂ ಇದ್ದವು. 2025ರ ಚಲನಚಿತ್ರದಲ್ಲಿ ಆ ಹೆಸರಿನ ನಾಯಕ ಅವನೇ.

2011ರಲ್ಲಿ ಕಪ್ಪುವರ್ಣೀಯ ತಂದೆಯ, ಪೋರ್ಟೊರಿಕೊ ಮೂಲದ ತಾಯಿಯ ಮಗ ಮೈಲ್ಸ್ ಮೊರಾಲೆಸ್ ಸ್ಪೈಡರ್‌ಮ್ಯಾನ್ ಆದಾಗ ಪರ ವಿರೋಧ ಎರಡೂ ಜೋರಾಗಿ ಕೇಳಿಬಂದವು. ಹೊಸಬರಿಗೆ ಹೊಸ ಹೆಸರನ್ನೇ ಕೊಡಬಾರದೆ, ಹಳೆಯ ಹೆಸರನ್ನು ಏಕೆ ಕೆಡಿಸಬೇಕು ಎಂದು ಕೆಲವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಹೊಸ ಹೆಸರಿನ ವೀರರು ಅಂಗಡಿಯಲ್ಲಿ ಬಹುಕಾಲ ಉಳಿಯುವುದು ಅಪರೂಪ; ಜನ ಗುರುತಿಸುವ ಹೆಸರುಗಳೆಲ್ಲ ಬಹುಮಟ್ಟಿಗೆ 1960ರ ದಶಕದ ಹೊತ್ತಿಗೆ ಹಂಚಿಹೋಗಿದ್ದವು. ಆಗ ಸರದಿಯಲ್ಲಿ ನಿಲ್ಲಲೂ ಅವಕಾಶವಿಲ್ಲದವರಿಗೆ ಇಂದು ಹೊಸ ಸಾಲನ್ನು ಮಾಡಿಕೊಳ್ಳಿ ಎನ್ನುವುದು ಸರಿಯೆ? 2004ರಲ್ಲಿ ನಮ್ಮ ದೇಶದಲ್ಲಿಯೂ ಮುಂಬಯಿಯ ಪವಿತ್ರ್ ಪ್ರಭಾಕರ್ ಎಂಬ ಧೋತಿ ಉಟ್ಟ ಸ್ಪೈಡರ್‌ಮ್ಯಾನ್‌ನನ್ನು ರೂಪಿಸಿದರು. ಅವನೂ ಮೈಲ್ಸ್‌ನೂ ಒಟ್ಟಿಗೆ ಕಾಣಿಸಿಕೊಳ್ಳುವ 2023ರ ಅನಿಮೇಷನ್ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು, ಕನ್ನಡವೂ ಅವುಗಳಲ್ಲೊಂದು. ನೂರಾರು ಸ್ಪೈಡರ್‌ಮ್ಯಾನ್‌ಗಳು ಒಂದೇ ಕಡೆ ನೆರೆಯುವ ಆ ಕಥೆ, 1961ರಲ್ಲಿ ಇಬ್ಬರು ಫ್ಲ್ಯಾಶ್‌ಗಳು ಕೈಕುಲುಕಿದ ಕಥೆಯ ದೂರದ ಮೊಮ್ಮಗು.

ಮಾರುಕಟ್ಟೆಯ ಮರೆವು, ಕಾನೂನಿನ ಒತ್ತಾಯ, ವರ್ಷಗಳ ಲೆಕ್ಕ, ಹೊಸಬರ ಹಕ್ಕು: ಈ ನಾಲ್ಕೂ ಸೇರಿ ಒಂದು ಹೆಸರಿಗೆ ಹಲವು ಮುಖಗಳನ್ನು ತಂದಿವೆ. ಇವುಗಳಲ್ಲಿ ಮೊದಲ ಮೂರಕ್ಕೆ ಹೃದಯವಿಲ್ಲ. ಹಾಗಿದ್ದರೂ ಒಳ್ಳೆಯ ಕಥೆಗಾರರ ಕೈಗೆ ಸಿಕ್ಕಾಗ ಅವುಗಳಿಂದಲೂ ಮನುಷ್ಯರಿಗೆ ಬೇಕಾದ ಮಾತು ಹುಟ್ಟಿದೆ. ಒಂದು ಹಂಚಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನನಗೆ ಕಂಡ ಪರೀಕ್ಷೆ ಸರಳವಾದುದು. ಹೊಸಬನು ಹಳಬನನ್ನು ಹೆಸರಿಟ್ಟು ನೆನೆಯುತ್ತಾನೆಯೇ? ಹಳಬನು ಹೊಸಬನಿಗೆ ಜಾಗ ಬಿಡುತ್ತಾನೆಯೇ? ಇವೆರಡೂ ಇದ್ದಲ್ಲಿ ಅದು ಪರಂಪರೆ. ಇಲ್ಲದಿದ್ದಲ್ಲಿ ಅಂಗಡಿಯ ಫಲಕ ಮಾತ್ರ.

ಮನೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇಂಥ ಪುಸ್ತಕ ಹಿಡಿದು ಕುಳಿತಿದ್ದರೆ ದಯವಿಟ್ಟು ಗದರಿಸಬೇಡಿ. ಪಕ್ಕದಲ್ಲಿ ಕುಳಿತು ‘ಇವನು ಎಷ್ಟನೆಯವನು?’ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಹೇಳಲು ಮಗು ಹಿಂದಿನವರ ಹೆಸರುಗಳನ್ನೆಲ್ಲ ಎಣಿಸತೊಡಗುತ್ತದೆ. ಚರಿತ್ರೆಯ ಪಾಠ ಆರಂಭವಾಗುವುದು ಹಾಗೆಯೇ.